ಬೆಣೆ ಇಟ್ಟವರು ಯಾರು

ಕಸ್ತೂರಿ, ಆಸ್ಪತ್ರೆಯಲ್ಲಿ ಆ ದಿನ ನೀನು ಕನ್ನಡದಲ್ಲಿ ಹೇಳಿದ ಮಾತನ್ನು ನಾನು ತನಿಖೆಗೆ ಬಂದ ಅಧಿಕಾರಿಗೆ ಹೇಳಲಿಲ್ಲ. ಬೇರೆ ಮಾತು ಹೇಳಿದೆ. ನಿನ್ನ ಮಂಚದ ಪಕ್ಕದಲ್ಲೇ ನಿಂತು, ನಿನಗೆ ತಿಳಿಯದ ತೆಲುಗಿನಲ್ಲಿ — ನೀನು ಹೇಳದೇ ಇದ್ದದ್ದನ್ನು ನೀನೇ ಹೇಳಿದೆ ಎಂದು ಹೇಳಿದೆ. ಪ್ರೆಸ್ ಮಷೀನಿಗೆ ಬೆಣೆ ಇಟ್ಟವನು ನಾನು. ಇಟ್ಟವಳು ನೀನು ಎಂದು ಆದದ್ದು ನನ್ನ ಬಾಯಿಂದ.

ಇಷ್ಟು ವರ್ಷ ಇದನ್ನು ಯಾರಿಗೂ ಹೇಳಿಲ್ಲ. ಹೆಂಡತಿಗೂ ಇಲ್ಲ. ಹೇಳಬೇಕೆಂದು ಕೂತಾಗಲೆಲ್ಲ ಒಂದು ನೆಪ ಸಿಗುತ್ತಿತ್ತು. ನೆಪಗಳಿಗೆ ನನ್ನಲ್ಲಿ ಯಾವತ್ತೂ ಬರ ಇರಲಿಲ್ಲ. ಈಗ ಹೇಳದೆ ಇರುವಂತಿಲ್ಲ. ಯಾಕೆ ಎಂಬುದಕ್ಕೆ ಆಮೇಲೆ ಬರುತ್ತೇನೆ. ನಿನಗೆ ಗೊತ್ತಿರುವುದನ್ನೂ ಮೊದಲಿನಿಂದ ಬರೆಯುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡ. ಗೊತ್ತಿರುವುದು ಎಲ್ಲಿ ಮುಗಿಯಿತು, ಮುಚ್ಚಿಟ್ಟದ್ದು ಎಲ್ಲಿ ಶುರುವಾಯಿತು ಎಂದು ನೀನು ನೋಡಬೇಕು.

ಅಮೀರ್‌ಪೇಟೆಯ ನಮ್ಮ ತರಬೇತಿ ಕೇಂದ್ರ ನಿನಗೆ ನೆನಪಿರಬೇಕು. ಕಂಪ್ಯೂಟರ್ ಕೋಚಿಂಗಿನ ಬಣ್ಣಬಣ್ಣದ ಬೋರ್ಡುಗಳ ನಡುವೆ, ಮೂರನೇ ಮಹಡಿಯಲ್ಲಿ, ಯಾರ ಕಣ್ಣಿಗೂ ಬೀಳದ ಬೋರ್ಡು ನಮ್ಮದು. ಹತ್ತನೇ ತರಗತಿ ಮುಗಿಸಿದ ಹುಡುಗ ಹುಡುಗಿಯರಿಗೆ ಅರ್ಧ ದಿನ ಅಲ್ಲಿ ಪಾಠ, ಇನ್ನರ್ಧ ದಿನ ಬಾಲಾನಗರದ ಕಾರ್ಖಾನೆಯಲ್ಲಿ ಕೆಲಸ. ಎರಡೂ ಕಡೆ ಕಲಿಸುವವನು ನಾನೇ. ಕೆಲಸ ಮಾಡುತ್ತಲೇ ಕಲಿಯುವುದು. ಕೊನೆಗೆ ಕಾರ್ಖಾನೆಯವರು ಇವರಿಗೆ ಕೆಲಸ ಬರುತ್ತದೆ ಎಂದು ಒಪ್ಪಿದರೆ ಸರ್ಟಿಫಿಕೇಟು. ಅದು ಕೈಗೆ ಬಂದರೆ ಹೆಲ್ಪರ್ ಅಲ್ಲ, ಆಪರೇಟರ್. ಹೆಲ್ಪರ್ ಆಗಿ ಸೇರಿ ಹೆಲ್ಪರ್ ಆಗಿಯೇ ಮುದುಕರಾದವರನ್ನು ನಾನು ಬೇಕಾದಷ್ಟು ನೋಡಿದ್ದೆ. ಆದ್ದರಿಂದ ಆ ಸರ್ಟಿಫಿಕೇಟಿನ ಬೆಲೆ ನನಗೆ ಗೊತ್ತಿತ್ತು.

ಸೇಡಂನಿಂದ ನಿನ್ನ ಸೋದರಮಾವ ನಿನ್ನನ್ನು ಕರೆತಂದು ಬಿಟ್ಟಾಗ ನಿನಗೆ ತೆಲುಗು ಬಾರದು. ಹಿಂದಿಯಲ್ಲಿ ಹಾಂ, ನಹೀ ಬಿಟ್ಟರೆ ಮುಂದಕ್ಕೆ ಹೋಗುತ್ತಿರಲಿಲ್ಲ. ಬೆಂಚಿನ ತುದಿಯಲ್ಲಿ ಮುದುರಿ ಕೂತಿದ್ದೆ. "ಯಾವೂರವ್ವ ನಿಂದು?" ಎಂದು ನಾನು ಕೇಳಿದ ಕೂಡಲೇ ಎದ್ದು ನಿಂತೆ.

"ಸರ, ನೀವು ನಮ್ಮ ಕಡಿಯವ್ರೇನ್ರಿ?"

ನಮ್ಮದು ಬೀದರ್ ಕಡೆಯ ಮನೆತನ, ಅಜ್ಜನ ಕಾಲಕ್ಕೇ ಹೈದರಾಬಾದಿಗೆ ಬಂದವರು ಎಂದೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಮಷೀನಿನ ಮುಂದೆ ಹಿಂದಿ. ಅವತ್ತಿನಿಂದ ನೀನು ಏನು ಕೇಳಬೇಕಿದ್ದರೂ ನನ್ನನ್ನೇ ಕೇಳುತ್ತಿದ್ದೆ. ಊರಿನ ಶಾಲೆಯಲ್ಲಿ ಬಿಸಿಯೂಟ ಮಾಡುವ ನಿನ್ನ ತಾಯಿ ಒಮ್ಮೆ ಫೋನಿನಲ್ಲಿ, "ನಿಮ್ಮ ಉಡ್ಯಾಗ ಹಾಕೀನ್ರಿ ಆಕೀನ" ಎಂದರು. ನನಗೆ ಹೆಮ್ಮೆಯಾಯಿತು. ನಿಜ ಹೇಳಬೇಕೆಂದರೆ ತಲೆ ಸ್ವಲ್ಪ ತಿರುಗಿಯೇ ಇತ್ತು — ಹುಡುಗರು ನನಗೆ ಹೆದರುತ್ತಿದ್ದರು, ಹುಡುಗಿಯರು ನನ್ನನ್ನು ನಂಬುತ್ತಿದ್ದರು, ಇಷ್ಟು ಸಾಕಲ್ಲ ಒಬ್ಬ ಮೇಷ್ಟ್ರು ಕೆಡುವುದಕ್ಕೆ.

ಪಾಠದಲ್ಲಿ ನಾನು ಕಟ್ಟುನಿಟ್ಟು. ತಗಡು ಕತ್ತರಿಸುವ ಪ್ರೆಸ್ಸಿಗೆ ಬಲಕ್ಕೊಂದು, ಎಡಕ್ಕೊಂದು ಬಟನ್ ಇರುತ್ತದೆ. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಮೇಲಿನ ಅಚ್ಚು ಕೆಳಗೆ ಬೀಳುತ್ತದೆ. ಎರಡು ಕೈಯೂ ಬಟನ್ ಮೇಲಿದ್ದರೆ ಅಚ್ಚಿನ ಕೆಳಗೆ ಯಾವ ಕೈಯೂ ಇರುವುದಿಲ್ಲ. ಅದಕ್ಕೇ ಹಾಗೆ ಮಾಡಿದ್ದು. ಇದನ್ನು ಬೋರ್ಡಿನ ಮೇಲೆ ಚಿತ್ರ ಬರೆದು ಹೇಳುತ್ತಿದ್ದೆ. "ಮಷೀನಿಗೆ ನೀವು ಯಾರ ಮಕ್ಕಳು ಅಂತ ಗೊತ್ತಿಲ್ಲ, ಅದಕ್ಕೆ ತಗಡೂ ಒಂದೇ ಬೆರಳೂ ಒಂದೇ" ಎಂದು ಗದರುತ್ತಿದ್ದೆ. ನೀವೆಲ್ಲ ನಗುತ್ತಿದ್ದಿರಿ. ನಾನೂ ನಗುತ್ತಿದ್ದೆ.

ಬಾಲಾನಗರಕ್ಕೆ ಹೋದ ಮೇಲೆ ಅದೇ ನಾನು ಬೇರೆ ಮನುಷ್ಯ. ಅಲ್ಲಿನ ರೂಢಿ ಏನೆಂದರೆ, ಎಡಗಡೆಯ ಬಟನ್ನನ್ನು ಒತ್ತಿ, ಅದು ಮೇಲೇಳದಂತೆ ಸಂದಿಗೆ ಒಂದು ಮರದ ಬೆಣೆ ತುರುಕುವುದು. ಆಮೇಲೆ ಬಲಗೈಯೊಂದೇ ಬಟನ್ ಒತ್ತಿದರೆ ಸಾಕು. ಎಡಗೈ ತಗಡು ಹಾಕುತ್ತಾ ತೆಗೆಯುತ್ತಾ ಇರಬಹುದು. ಕೆಲಸ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ. ಬೆಣೆಗಳನ್ನು ಮಾಡುತ್ತಿದ್ದವನು ನಾನೇ. ಪ್ಯಾಕಿಂಗ್ ಪೆಟ್ಟಿಗೆಯ ಮರವನ್ನು ಕೆತ್ತಿ, ಉಜ್ಜಿ ನುಣುಪು ಮಾಡಿ, ಅಂಗಿಯ ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದೆ. ಪರೀಕ್ಷೆಯವರೋ ತಪಾಸಣೆಯವರೋ ಬರುವ ದಿನ ಎಲ್ಲ ಬೆಣೆಗಳೂ ನನ್ನ ಊಟದ ಡಬ್ಬಿಯೊಳಗೆ. ಅವರು ಹೋದ ಮೇಲೆ ಮತ್ತೆ ಮಷೀನಿಗೆ.

ಕಲಿಯುವವರಿಗೆ ಮೊದಲ ದಿನವೇ ಬೆಣೆ ಕೊಡುತ್ತಿರಲಿಲ್ಲ. ಕೈ ಕುದುರಿತು ಎಂದು ನನಗೆ ಅನಿಸಿದ ಮೇಲೆ ನಾನೇ ಹೋಗಿ ಇಡುತ್ತಿದ್ದೆ. ಬೆಣೆ ಸಿಕ್ಕಿತೆಂದರೆ ಕೆಲಸ ಬಂತು ಎಂದೇ ಲೆಕ್ಕ. ಸಿಕ್ಕವರು ಆ ದಿನ ಎಲ್ಲರಿಗೂ ಚಹಾ ಕುಡಿಸಬೇಕು. ಯಾರು ಶುರು ಮಾಡಿದರೋ ಗೊತ್ತಿಲ್ಲ, ನಾನು ಕಲಿಯುವಾಗಲೂ ಹೀಗೇ ಇತ್ತು, ನಾನೂ ಕುಡಿಸಿದ್ದೆ. ಇದನ್ನು ಸಮರ್ಥನೆಗೆ ಹೇಳುತ್ತಿಲ್ಲ — ಎಷ್ಟು ಸಲೀಸಾಗಿ ನಡೆಯುತ್ತಿತ್ತು ಎಂದು ಹೇಳುತ್ತಿದ್ದೇನೆ.

ನಿನ್ನ ಬ್ಯಾಚಿನಲ್ಲಿ ಎಲ್ಲರಿಗೂ ಬೆಣೆ ಸಿಕ್ಕಿತ್ತು, ನಿನಗೊಬ್ಬಳಿಗೆ ಬಿಟ್ಟು. ನೀನು ನಾನು ಹೇಳಿಕೊಟ್ಟ ಹಾಗೆಯೇ ಮಾಡುತ್ತಿದ್ದೆ. ತಗಡು ಇಡು, ಕೈ ತೆಗೆ, ನೋಡು, ಎರಡು ಬಟನ್ ಒತ್ತು. ಪಕ್ಕದ ಮಷೀನಿನವಳ ಬುಟ್ಟಿ ತುಂಬಿದಾಗ ನಿನ್ನದು ಅರ್ಧ. ಸೂಪರ್‌ವೈಸರ್ ದಿನಾ ಬಂದು ನಿನ್ನ ಬುಟ್ಟಿ ನೋಡಿ ನನ್ನ ಮುಖ ನೋಡುತ್ತಿದ್ದರು. ಕೊನೆಗೊಂದು ದಿನ, ಈ ಹುಡುಗಿಯನ್ನು ಪಾಸು ಮಾಡಿ ಎಂದು ಮಾತ್ರ ಕೇಳಬೇಡಿ ಎಂದುಬಿಟ್ಟರು. ನನಗೆ ಅವಮಾನವಾಯಿತು. ನಿನ್ನ ಚಿಂತೆಗಿಂತ ಹೆಚ್ಚಾಗಿ, ನನ್ನ ಕೈಕೆಳಗೆ ಕಲಿತವಳು ಫೇಲಾಗುತ್ತಾಳೆ ಎಂಬ ಅವಮಾನ. ಅದೇ ಕ್ಷಣ ಬಂದು ನಿನ್ನ ಮಷೀನಿನ ಎಡ ಬಟನ್ನಿಗೆ ಬೆಣೆ ತುರುಕಿದೆ.

ನೀನು ಕೈ ಹಿಂದಕ್ಕೆ ಎಳೆದುಕೊಂಡೆ. "ಕ್ಲಾಸಿನ್ಯಾಗ ನೀವಽ ಬ್ಯಾಡ ಅಂದಿದ್ರಲ್ರಿ, ಸರ?"

"ಕ್ಲಾಸ್ ಬ್ಯಾರೆ, ಶಾಪ್ ಬ್ಯಾರೆ. ಬಲಗೈಲೆ ಒತ್ತು, ಎಡಗೈಲೆ ಹಾಕು."

"ಅಂಜಿಕಿ ಆಗ್ತದ್ರಿ."

"ನಾ ಇಲ್ಲೇ ಅದೀನಿ. ಏನಾಗಂಗಿಲ್ಲ."

ಏನಾಗಂಗಿಲ್ಲ. ಆ ಒಂದು ಮಾತಿಗೆ ನೀನು ಮಷೀನಿಗೆ ಕೈ ಕೊಟ್ಟೆ. ಸಂಜೆ ಗೇಟಿನ ಹೊರಗೆ ಎಲ್ಲರಿಗೂ ಚಹಾ ಕುಡಿಸಿದೆ. ನನ್ನ ಕಪ್ಪನ್ನು ಮಾತ್ರ ನೀನೇ ತಂದು ಕೈಗಿತ್ತೆ. ಅವ್ವಗೆ ಫೋನ್ ಹಚ್ಚಿ, "ಸರ್ ನಂಗೂ ಕೊಟ್ರು" ಎಂದು ಹೇಳುತ್ತಿದ್ದೆ. ಏನು ಕೊಟ್ಟರೆಂದು ಅವರಿಗೆ ಏನು ತಿಳಿಯಬೇಕು — ಒಳ್ಳೆಯದೇ ಕೊಟ್ಟಿರಬೇಕು ಎಂದುಕೊಂಡಿರುತ್ತಾರೆ.

ಮಾರನೆಯ ದಿನ ಮಧ್ಯಾಹ್ನ ನಾನು ಆ ಕಡೆ ಮೂಲೆಯಲ್ಲಿ ಯಾರ ಜತೆಗೋ ಮಾತಾಡುತ್ತಿದ್ದೆ. ಪ್ರೆಸ್ ಶಾಪಿನಲ್ಲಿ ಸದ್ದಿಗೆ ಕಿವಿ ಒಗ್ಗಿಹೋಗಿರುತ್ತದೆ. ಒಂದು ಮಷೀನ್ ನಿಂತರೆ ತಕ್ಷಣ ಗೊತ್ತಾಗುತ್ತದೆ. ನಿನ್ನದು ನಿಂತಿತು. ಆಮೇಲೆ ಪಕ್ಕದ್ದು ನಿಂತಿತು. ಆಮೇಲೆ ಒಂದೊಂದಾಗಿ ಎಲ್ಲವೂ. ನೀನು ಕಿರುಚಲಿಲ್ಲ. ನಾನು ಓಡಿ ಬರುವಷ್ಟರಲ್ಲಿ ನಿನ್ನ ಎಡಗೈಯನ್ನು ಬಲಗೈಯಲ್ಲಿ ಹಿಡಿದುಕೊಂಡು ಸ್ಟೂಲಿನ ಮೇಲೆ ಸುಮ್ಮನೆ ಕೂತಿದ್ದೆ, ಅದು ಬೇರೆ ಯಾರದೋ ಕೈ ಎನ್ನುವ ಹಾಗೆ ನೋಡುತ್ತಾ. ನನ್ನನ್ನು ಕಂಡ ಮೇಲೆ "ಸರ" ಎಂದೆ. ಅಷ್ಟೇ. ಮೂರು ಬೆರಳು ಹೋಗಿದ್ದವು.

ಬೆಣೆ ಅಲ್ಲೇ ಇತ್ತು. ಅದನ್ನು ತೆಗೆದು ಜೇಬಿಗೆ ಹಾಕಿಕೊಳ್ಳಬೇಕೆಂದು ನನ್ನ ಕೈ ಮುಂದಕ್ಕೆ ಹೋದದ್ದು ನನಗೆ ಇಂದಿಗೂ ಗೊತ್ತು. ನಿನ್ನ ರಕ್ತ ನಿಲ್ಲಿಸಲು ಬಟ್ಟೆ ಹುಡುಕುವುದಕ್ಕಿಂತ ಮೊದಲು. ಆದರೆ ಅಷ್ಟರಲ್ಲಿ ಸುತ್ತ ಜನ ಸೇರಿದ್ದರು, ಎಲ್ಲರೂ ಅದನ್ನೇ ನೋಡುತ್ತಿದ್ದರು.

ತನಿಖೆಗೆ ಅಧಿಕಾರಿ ಬರುವ ದಿನ ಕಾರ್ಖಾನೆಯ ಮ್ಯಾನೇಜರು ಆಸ್ಪತ್ರೆಯ ವರಾಂಡದಲ್ಲಿ ಕಾಯುತ್ತಿದ್ದರು. ಅವರು ನನಗೆ ಸುಳ್ಳು ಹೇಳು ಎಂದು ಹೇಳಲಿಲ್ಲ. ಇದನ್ನು ನೀನು ಸರಿಯಾಗಿ ಕೇಳಬೇಕು: ಹೇಳಲಿಲ್ಲ. "ಮೀ ಭಾಷ ಅಮ್ಮಾಯಿ ಕದಾ, ಮೀರೇ ಮಾಟ್ಲಾಡಂಡಿ" ಎಂದರು — ನಿಮ್ಮ ಭಾಷೆಯ ಹುಡುಗಿಯಲ್ಲವೇ, ನೀವೇ ಮಾತಾಡಿ ಎಂದು. ಇಷ್ಟೇ ಅಂದು ನನ್ನ ಹೆಗಲು ತಟ್ಟಿದರು. ಮಿಕ್ಕದ್ದೆಲ್ಲ ನಾನೇ ಯೋಚಿಸಿಕೊಂಡದ್ದು. ಬೆಣೆ ಇಟ್ಟವರು ಯಾರು ಎಂಬ ಪ್ರಶ್ನೆ ಬರುತ್ತದೆ, ನನ್ನ ಹೆಸರು ಬರುತ್ತದೆ, ಕೆಲಸ ಹೋಗುತ್ತದೆ, ಪೊಲೀಸರು ಬರಬಹುದು. ಮಗಳು ಇನ್ನೂ ಚಿಕ್ಕವಳು — ಹೀಗೆ. ನೀನೂ ಯಾರದೋ ಮಗಳು ಎಂಬುದು ಆ ಯೋಚನೆಯೊಳಗೆ ಎಲ್ಲೂ ಬರಲಿಲ್ಲ.

ಅಧಿಕಾರಿ ಒಳ್ಳೆಯ ಮನುಷ್ಯ. ಕುರ್ಚಿ ಎಳೆದುಕೊಂಡು ನಿನ್ನ ಹತ್ತಿರವೇ ಕೂತು, ನಿಧಾನವಾಗಿ ತೆಲುಗಿನಲ್ಲಿ ಕೇಳಿದರು: ಬೆಣೆ ಇಟ್ಟವರು ಯಾರಮ್ಮ? ನಾನು ಅದನ್ನು ಸರಿಯಾಗಿಯೇ ಕನ್ನಡಕ್ಕೆ ತಿರುಗಿಸಿ ನಿನಗೆ ಹೇಳಿದೆ. ಅಲ್ಲಿಯವರೆಗೂ ಸರಿಯಾಗಿಯೇ ಇತ್ತು. ನಿನ್ನ ತಾಯಿ ಇನ್ನೂ ರೈಲಿನಲ್ಲಿದ್ದರು. ಮಾವ ಔಷಧಿ ತರಲು ಕೆಳಗೆ ಹೋಗಿದ್ದರು. ಆ ವಾರ್ಡಿನಲ್ಲಿ ಕನ್ನಡ ತಿಳಿದವರು ನಾವಿಬ್ಬರೇ.

ನೀನು ಹೇಳಿದೆ: "ಬೆಣಿ ಸರ್ ಇಟ್ಟಿದ್ರು. ಒಂದಽ ಕೈಲೆ ಒತ್ತು ಅಂದ್ರು, ನಾ ಒತ್ತಿದೆ. ಸರ್ದೇನೂ ತಪ್ಪಿಲ್ರಿ, ಅಲ್ಲಿ ಎಲ್ಲಾ ಮಷೀನಿಗೂ ಹಂಗಽ ಐತಿ."

ಅಷ್ಟು ನೋವಿನಲ್ಲೂ ನನ್ನ ಪರವಾಗಿ ಮಾತಾಡಿದೆ. ಅದೇ ಮಾತನ್ನು ಇದ್ದಂತೆ ಹೇಳಿದ್ದರೂ ಬಹುಶಃ ನನಗೆ — ಇರಲಿ. ನಾನು ಅಧಿಕಾರಿಯ ಕಡೆ ತಿರುಗಿ ತೆಲುಗಿನಲ್ಲಿ ಹೇಳಿದೆ: ಬೆಣೆ ತಾನೇ ಇಟ್ಟುಕೊಂಡಳಂತೆ. ಬೇಡ ಎಂದು ಸರ್ ಹೇಳಿದ್ದರಂತೆ. ಬೇಗ ಮುಗಿಯಲಿ ಎಂದು ಆಸೆಪಟ್ಟೆ, ತಪ್ಪು ನನ್ನದೇ ಅನ್ನುತ್ತಿದ್ದಾಳೆ.

ನೀನು ಹೇಳಿದ್ದರಲ್ಲೂ ಸರ್ ಇತ್ತು, ತಪ್ಪು ಇತ್ತು. ನಾನು ಹೇಳಿದ್ದರಲ್ಲೂ ಆ ಎರಡು ಪದ ಇದ್ದವು, ತೆಲುಗಿನಲ್ಲೂ ಅವು ಅವೇ. ಅವು ಕಿವಿಗೆ ಬಿದ್ದಾಗ ನೀನು ದಿಂಬಿನ ಮೇಲೆಯೇ ಸಣ್ಣಗೆ ತಲೆಯಾಡಿಸಿದೆ. ಅಧಿಕಾರಿ ನನ್ನನ್ನು ಒಂದು ಗಳಿಗೆ ನೋಡಿದರು. ಆಮೇಲೆ ನೇರವಾಗಿ ನಿನ್ನನ್ನೇ ಕೇಳಿದರು, "ನಿಜಮೇನಾ, ತಲ್ಲೀ?"

ನಿಜ ಎಂಬ ಆ ಒಂದು ಪದ ನಿನಗೆ ತಿಳಿಯಿತು. ಈಗ ಇವಳು ಏನಾದರೂ ಮರುಪ್ರಶ್ನೆ ಕೇಳಲಿ, ನಾನು ಸಿಕ್ಕಿಬೀಳಲಿ ಎಂದು ಒಳಗೆಲ್ಲೋ ಅನಿಸಿತು ಎಂದು ಬರೆದರೆ ಅದೂ ಸುಳ್ಳಾಗುತ್ತದೆ. ತಲೆಯಾಡಿಸು, ತಲೆಯಾಡಿಸು ಎಂದೇ ನಾನು ಬೇಡಿಕೊಳ್ಳುತ್ತಿದ್ದೆ.

"ನಿಜಾರಿ," ಎಂದೆ ನೀನು.

ಅಷ್ಟಕ್ಕೆ ಮುಗಿಯಿತು. ಸುರಕ್ಷತೆಯ ನಿಯಮ ಮುರಿದಳೆಂದು ನಿನ್ನನ್ನು ತರಬೇತಿಯಿಂದ ತೆಗೆದರು. ಸರ್ಟಿಫಿಕೇಟು ಇಲ್ಲ. ಪರಿಹಾರ ಎಂಬುದಿಲ್ಲ, ಕಾರ್ಖಾನೆಯವರು ಆಸ್ಪತ್ರೆಯ ಖರ್ಚು ಕೊಟ್ಟು, ಅದನ್ನು ದಯೆ ಎಂದು ಕರೆದರು. ನಿನ್ನ ತಾಯಿ ಹೋಗುವಾಗ ನನ್ನ ಎರಡೂ ಕೈ ಹಿಡಿದು, "ನೀವಿದ್ದಕ್ಕ ಆತ್ರಿ, ಇಲ್ಲಂದ್ರ ನಮ್ಮ ಮಾತು ಯಾರು ಅವ್ರಿಗೆ ತಿಳಿಸಿ ಹೇಳ್ತಿದ್ರು" ಎಂದರು. ಆ ಕೈಗಳನ್ನು ನಾನು ಬಿಡಿಸಿಕೊಳ್ಳಲಿಲ್ಲ. ಅವರಾಗಿಯೇ ಬಿಡುವವರೆಗೂ ನಿಂತಿದ್ದೆ.

ನೀನು ಏನೆಂದುಕೊಂಡಿದ್ದೀ ಎಂದು ನನಗೆ ಗೊತ್ತಿತ್ತು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ, ಸರ್ ಅದನ್ನು ತಿಳಿಸಿದರು, ದೊಡ್ಡವರು ಕೇಳಿಯೂ ಕೇಳದವರಂತೆ ಇದ್ದುಬಿಟ್ಟರು ಎಂದು. ಒಮ್ಮೆ ಯುಗಾದಿಗೆ ಫೋನ್ ಮಾಡಿದಾಗ ಹೇಳಿಯೂ ಹೇಳಿದೆ, "ಖರೇ ಹೇಳಿದ್ರೂ ಅಷ್ಟ, ಬಿಟ್ರೂ ಅಷ್ಟ ಬಿಡ್ರಿ, ಸರ. ಬಡವ್ರ ಮಾತು ಯಾರು ಕೇಳ್ತಾರ." ಆಗ ನೀನು ಸೇಡಂನ ಬಟ್ಟೆ ಅಂಗಡಿಯಲ್ಲಿ ಗಿರಾಕಿಗಳು ನೋಡಿ ಬಿಟ್ಟ ಸೀರೆ ಮಡಚುವ ಕೆಲಸಕ್ಕೆ ಸೇರಿದ್ದೆ. ನಾನು ಈ ಕಡೆಯಿಂದ ಹ್ಞೂಂ ಎಂದೆ. ಬೆರಳು ಹೋಗಿದ್ದಕ್ಕಿಂತ ನಿನ್ನ ಮಾತಿನ ಮೇಲೆ ನಿನಗೇ ನಂಬಿಕೆ ಹೋದದ್ದು ದೊಡ್ಡ ನಷ್ಟ ಎಂದು ಆಗಲೇ ಹೊಳೆದಿತ್ತು, ಆದರೂ ಹ್ಞೂಂ ಎಂದೆ.

ಆಮೇಲೆ ನಾನು ಬೆಣೆ ಮಾಡಲಿಲ್ಲ. ಮಾಡಬೇಡಿ ಎಂದು ಯಾರಿಗೂ ಹೇಳಲೂ ಇಲ್ಲ. ಹೇಳಿದರೆ ಯಾಕೆ ಎಂದು ಕೇಳುತ್ತಿದ್ದರು. ಕಾಲ ಕಳೆದಂತೆ ನಾನು ಮೇಷ್ಟ್ರುಗಳಿಗೇ ಮೇಷ್ಟ್ರಾದೆ. ತಾರ್ನಾಕದಲ್ಲಿ ಮನೆ ಮಾಡಿದೆ. ಕಾರ್ಖಾನೆಯಿಂದ ಕಾರ್ಖಾನೆಗೆ ಹೋಗಿ, ಹುಡುಗರು ಕಲಿತಿದ್ದಾರೋ ಇಲ್ಲವೋ ಎಂದು ನೋಡುವುದೇ ನನ್ನ ಕೆಲಸವಾಯಿತು. ನನ್ನ ಹತ್ತಿರ ಕಲಿತವರೇ ಈಗ ಅಲ್ಲಲ್ಲಿ ಕಲಿಸುತ್ತಿದ್ದಾರೆ. ನಾನು ಬರುವ ದಿನ ಅವರ ಮಷೀನುಗಳೆಲ್ಲ ಚೊಕ್ಕ. ಅವರ ಊಟದ ಡಬ್ಬಿ ತೆಗೆಸಿ ನೋಡಬೇಕೆಂದು ನನಗೆ ಯಾವತ್ತೂ ಅನಿಸಲಿಲ್ಲ.

ಈ ವರ್ಷ ಮಳೆಗಾಲದ ಮೊದಲಿಗೆ ನೀನು ಫೋನ್ ಮಾಡಿದೆ. ತಂಗಿ ಭಾಗ್ಯ ಇದೇ ಕೋರ್ಸಿಗೆ ಸೇರುತ್ತೇನೆಂದು ಹಟ ಹಿಡಿದಿದ್ದಾಳೆ, ಎಷ್ಟು ಹೇಳಿದರೂ ಕೇಳುತ್ತಿಲ್ಲ ಎಂದೆ. "ಸರ, ನೀವು ಅದೀರಿ ಅಂತ ಧೈರ್ಯ ಮಾಡಿ ಕಳಸಾಕತ್ತೀನಿ. ಆಕೀನ ನೋಡ್ಕೋರಿ." ಬೇಡ ಎನ್ನುವುದಕ್ಕೆ ಅದೊಂದು ಸಮಯ. ಬಾಯಿ ತೆರೆದೆ. "ಕಳಸು" ಎಂದೆ.

ಅವಳು ಕಾರ್ಖಾನೆಗೆ ಇಳಿದ ಮೇಲೆ ನನಗೆ ನೆಮ್ಮದಿ ಹೋಯಿತು. ಬೇರೆ ಕಾರ್ಖಾನೆ, ಹೊಸ ಮಷೀನು ಎಂದು ಎಷ್ಟು ಸಮಾಧಾನ ಹೇಳಿಕೊಂಡರೂ ಊಟ ಸೇರದು. ಮನೆಯಲ್ಲಿ ಫೋನ್ ಹೊಡೆದುಕೊಂಡರೆ ಅವಳದೇ ಸುದ್ದಿ ಎಂದುಕೊಳ್ಳುತ್ತಿದ್ದೆ. ಕಡೆಗೆ ಹೋದ ವಾರ ಯಾರಿಗೂ ತಿಳಿಸದೆ, ಪಾಳಿ ನಡೆಯುತ್ತಿರುವಾಗಲೇ ಒಳಗೆ ಹೋದೆ.

ಭಾಗ್ಯ ಬೆನ್ನು ಈ ಕಡೆ ಮಾಡಿ ಕೂತಿದ್ದಳು. ನಿನ್ನ ಹಾಗೆಯೇ ಜಡೆಯನ್ನು ಟೋಪಿಯೊಳಗೆ ತುರುಕಿದ್ದಳು. ಬಲಗೈ ಬಟನ್ ಮೇಲೆ. ಎಡಗೈ ಅಚ್ಚಿನ ಕೆಳಗೆ ಹೋಗುತ್ತಿತ್ತು, ಬರುತ್ತಿತ್ತು, ಹೋಗುತ್ತಿತ್ತು. ನಾನು ಕೂಗಲಿಲ್ಲ, ಕೂಗಿದರೆ ಬೆಚ್ಚಿಬಿದ್ದಾಳೆಂದು ಗೋಡೆಯ ಹತ್ತಿರ ಹೋಗಿ ಕರೆಂಟೇ ತೆಗೆದೆ. ಅಚ್ಚು ಅರ್ಧಕ್ಕೇ ನಿಂತಿತು. ಎಡ ಬಟನ್ನಿನ ಸಂದಿಯಲ್ಲಿ ಬೆಣೆ ಇತ್ತು. ಉಜ್ಜಿ ನುಣುಪು ಮಾಡಿದ್ದು — ನಾನು ಕಲಿಸಿದ ರೀತಿಯೇ.

ಅಲ್ಲಿನ ಇನ್‌ಸ್ಟ್ರಕ್ಟರ್ ನನ್ನ ಹಳೆಯ ವಿದ್ಯಾರ್ಥಿ. ನಾಲ್ಕು ಹೆಜ್ಜೆ ಆಚೆ ನೆಲ ನೋಡುತ್ತಾ ನಿಂತಿದ್ದ. ಅವನ ಅಂಗಿಯ ಜೇಬು ಉಬ್ಬಿಕೊಂಡಿತ್ತು. ನಾನು ಭಾಗ್ಯಳನ್ನು ಕನ್ನಡದಲ್ಲಿ ಕೇಳಿದೆ, "ಇದನ್ನ ಇಟ್ಟವ್ರು ಯಾರು?"

ಅವಳು ಒಮ್ಮೆ ಅವನ ಕಡೆ ನೋಡಿದಳು, ಒಮ್ಮೆ ನನ್ನ ಕಡೆ. "ನಾನಽ ಇಟ್ಟೀನ್ರಿ, ಸರ."

"ಖರೇ ಹೇಳವ್ವ. ನಾ ಏನೂ ಅನ್ನಂಗಿಲ್ಲ."

"ಖರೇನಽ ಹೇಳಾಕತ್ತೀನ್ರಿ. ಅವ್ರು ಬ್ಯಾಡ ಅಂದಿದ್ರು, ನಾನಽ ಲಗೂ ಆಗ್ಲಿ ಅಂತ ಇಟ್ಕೊಂಡೆ. ನಂದಽ ತಪ್ಪು."

ಆಸ್ಪತ್ರೆಯಲ್ಲಿ ನಾನು ನಿನ್ನ ಹೆಸರಿನಲ್ಲಿ ಹೇಳಿದ ಸುಳ್ಳು ಇದೇ. ಅವಳಿಗೆ ಅದನ್ನು ಯಾರೂ ಹೇಳಿಕೊಟ್ಟಿಲ್ಲ, ಹೇಳಿಕೊಡಲು ಅದು ನಿಮ್ಮ ಮನೆಯಲ್ಲಿ ಯಾರಿಗೂ ಗೊತ್ತೇ ಇಲ್ಲ. ಹೀಗೆ ಹೇಳು ಎಂದು ಯಾರು ಹೇಳಿದರು ಎಂದು ಅವಳನ್ನು ಕೇಳಿದೆ. ಅವಳು ದನಿ ತಗ್ಗಿಸಿದಳು.

"ಯಾರೂ ಇಲ್ರಿ. ಅಲ್ಲಿ ಯಾರ ಹೆಸರೂ ಹೇಳಬ್ಯಾಡ, ಹೇಳಿದ್ರೂ ಯಾರೂ ಕೇಳಂಗಿಲ್ಲ ಅಂತ ಅಕ್ಕ ಹೇಳ್ಯಾಳ್ರಿ. ಏನಾದ್ರೂ ಆದ್ರ ಸರ್ ಅದಾರ, ಅವ್ರು ಹೆಂಗ ಹೇಳ್ತಾರ ಹಂಗ ಮಾಡು ಅಂದಾಳ."

ಆ ಬೆಣೆ ತೆಗೆದೆ. ಉಳಿದ ಮಷೀನುಗಳಿಂದಲೂ ತೆಗೆಸಿದೆ, ಅವನ ಜೇಬಿನಿಂದಲೂ. ಅದರಿಂದ ಏನೂ ಆಗುವುದಿಲ್ಲ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಗೇಟಿನ ಹೊರಗೆ ನನ್ನ ಬೈಕು ಇನ್ನೂ ತಿರುವು ದಾಟಿರುವುದಿಲ್ಲ, ಅವು ವಾಪಸು ಬಂದಿರುತ್ತವೆ. ಇದನ್ನು ಬರೆಯುತ್ತಿರುವಾಗ ಅವಳ ಪಾಳಿ ನಡೆದಿದೆ.

ಕಾರ್ಖಾನೆಗಳ ತಪಾಸಣಾ ಕಚೇರಿಗೆ ಹೋಗಿ ಬಂದಿದ್ದೇನೆ. ನಿನ್ನ ಮಾತನ್ನು ಹೇಗೆ ತಿರುಚಿದೆ ಎಂಬುದನ್ನು ಹೇಳಿ, ನೀನು ಹೇಳಿದ್ದು ಏನು ಎಂಬುದನ್ನೂ ಹೇಳಿದ್ದೇನೆ. ಆ ಅಧಿಕಾರಿ ಈಗ ಇಲ್ಲ, ನಿವೃತ್ತರಾದರಂತೆ. ಈಗಿರುವವರು ನಿನ್ನನ್ನು ಮತ್ತೆ ಕೇಳುತ್ತಾರೆ. ಕನ್ನಡ ಬಲ್ಲವರನ್ನೇ ಕಳಿಸಿ, ಆ ಜಾಗದಲ್ಲಿ ನಾನು ಇರಬಾರದು ಎಂದು ಬೇಡಿಕೊಂಡಿದ್ದೇನೆ. ನನ್ನ ಕೆಲಸ, ನನ್ನ ಮೇಲಿನ ಕೇಸು — ಅದು ಏನಾಗುತ್ತದೋ ಆಗಲಿ, ನೀನು ಅದರ ಬಗ್ಗೆ ಯೋಚಿಸಬೇಡ. ಕ್ಷಮಿಸು ಎಂದು ಬರೆದು ಹೊಡೆದುಹಾಕಿದೆ. ಕೇಳುವ ಮುಖ ನನಗಿಲ್ಲ.

ಒಂದೇ ಒಂದು ಕೆಲಸ ಮಾಡು. ಮೇಷ್ಟ್ರುಗಳು ಬೇಡ ಎನ್ನುವುದು ಬಾಯಿಮಾತಿಗೆ ಎಂದು ಕಂಡವಳು ಭಾಗ್ಯ, ನನ್ನ ಮಾತು ನಂಬುವುದಿಲ್ಲ. ನಿನ್ನ ಮಾತು ನಂಬುತ್ತಾಳೆ. ಇದನ್ನು ಓದಿದ ಕೂಡಲೇ ಅವಳಿಗೆ ಫೋನ್ ಮಾಡು. ಮಷೀನಿನಿಂದ ಎದ್ದು ಬಾ ಎಂದು ಹೇಳು. ಸರ್ ಹೇಳಿದ ಹಾಗೆ ಮಾಡಬೇಡ ಎಂದು ಹೇಳು.